ಪಕ್ಕದ ಮನೆ, ಆಫೀಸು, ಆಸ್ಪತ್ರೆ: ನಮ್ಮ ವಿಶ್ವಾಸದ ಮಾತು ಎಲ್ಲಿ ಎತ್ತಬಹುದು, ಎಲ್ಲಿ ಬಾಯಿ ಮುಚ್ಚಬೇಕು?

ಕುಕ್ಕರಹಳ್ಳಿ_ದಂಡೆ
ಮೈಸೂರು, ಮಂಡ್ಯ ಕಡೆಯ ಕ್ರೈಸ್ತರಿಗೂ ಅವರ ಅಕ್ಕಪಕ್ಕ ಇರೋ ಬೇರೆಯವರಿಗೂ ಈ ಪ್ರಶ್ನೆ. ಭಾನುವಾರದ ಪ್ರಸಂಗದಲ್ಲಿ "ಹೋಗಿ ಸಾಕ್ಷಿ ಹೇಳಿ", ಅಂದರೆ ನಿಮ್ಮ ವಿಶ್ವಾಸದ ಬಗ್ಗೆ ಬೇರೆಯವರಿಗೆ ತಿಳಿಸಿ ಅಂತಾರೆ. ಸೋಮವಾರ ಬೆಳಿಗ್ಗೆ ಕೂರ್ಗಳ್ಳಿ ಬಸ್ ಹತ್ತಿ ಫ್ಯಾಕ್ಟರಿ ಗೇಟ್ ದಾಟಿದ ಮೇಲೆ ಹೇಗೆ ಹೇಳೋದು ಅಂತ ಯಾರೂ ಹೇಳಿಕೊಡಲ್ಲ. ಬೀದೀಲಿ ಮೈಕ್ ಹಿಡಿಯೋ ವಿಷಯ ನಾನು ಕೇಳ್ತಿಲ್ಲ. ಸಹೋದ್ಯೋಗಿ, ಪಕ್ಕದ ಮನೆ, ಆಸ್ಪತ್ರೆಯಲ್ಲಿ ಮಲಗಿರೋ ಪರಿಚಯದವರು, ಇಷ್ಟೇ. ಮಾತು ಶುರುವಾಗೋದು ಹೇಗೆ, ಓದೋಕೆ ಕೇಳಿದರೆ ಏನು ಕೊಡೋದು, ಕಾನೂನು ಏನು ಹೇಳುತ್ತೆ? ಒಂದು ವಿನಂತಿ: ಸ್ವಂತ ಜೀವನಚರಿತ್ರೆ ಬೇಡ, ಕೆಲಸಕ್ಕೆ ಬರೋ ಮಾತು ಬೇಕು.

ಲಷ್ಕರ್_ಮೊಹಲ್ಲಾ
ಸಂತ ಫ್ರಾನ್ಸಿಸ್ ಅಸ್ಸಿಸಿ ಆಗಲೇ ಹೇಳಿಬಿಟ್ಟಿದ್ದಾರಲ್ಲ ಸಾರ್: ಸದಾ ಶುಭಸಂದೇಶ ಸಾರಿರಿ, ಅಗತ್ಯ ಬಿದ್ದರೆ ಮಾತ್ರ ಮಾತು ಬಳಸಿರಿ. ಒಳ್ಳೆ ರೀತಿ ಬದುಕಿ ತೋರಿಸಿ, ಮುಗೀತು.

ಹಳೇ_ಉಪದೇಶಿ
@ಲಷ್ಕರ್_ಮೊಹಲ್ಲಾ ಆ ಸಾಲು ಫ್ರಾನ್ಸಿಸರ ಬರಹಗಳಲ್ಲಿ ಎಲ್ಲೂ ಇಲ್ಲ. ಕ್ಯಾಲೆಂಡರಿನಲ್ಲೂ ಕಾಫಿ ಲೋಟದ ಮೇಲೂ ಅಚ್ಚಾಗಿ ಅವರ ತಲೆಗೆ ಕಟ್ಟಿದ್ದಾರೆ. 1221ರಲ್ಲಿ ತಮ್ಮ ಸನ್ಯಾಸಿ ಸೋದರರಿಗೆ ಅವರು ಬರೆದ ನಿಯಮ ನೋಡಿ. 17ನೇ ಅಧ್ಯಾಯದಲ್ಲಿ ಸೋದರರೆಲ್ಲ ತಮ್ಮ ನಡತೆಯಿಂದಲೂ ಸಾರಲಿ ಅನ್ನೋದು ಇದೆ, ನಿಜ. ಅದಕ್ಕಿಂತ ಈ ಪ್ರಶ್ನೆಗೆ ಹತ್ತಿರದ್ದು 16ನೇ ಅಧ್ಯಾಯ. ಮುಸ್ಲಿಮರ ನಡುವೆ ಹೋಗೋರಿಗೆ ಎರಡು ದಾರಿ ಹೇಳ್ತಾರೆ. ಒಂದು, ವಾದ ಜಗಳ ಮಾಡದೆ, ಎಲ್ಲರಿಗೂ ತಗ್ಗಿ ಬಗ್ಗಿ ಬಾಳುತ್ತಾ, ತಾವು ಕ್ರೈಸ್ತರು ಅಂತ ಒಪ್ಪಿಕೊಳ್ಳೋದು. ಇನ್ನೊಂದು, ದೇವರಿಗೆ ಮೆಚ್ಚುಗೆ ಅಂತ ಕಂಡಾಗ ಬಾಯಿ ಬಿಟ್ಟು ಹೇಳೋದು. ಅಂದರೆ ಮಾತನ್ನ ಅವರು ಬಿಟ್ಟೇ ಇಲ್ಲ, ಸಮಯ ನೋಡಿ ಅಂದರು. 1219ರಲ್ಲಿ ಧರ್ಮಯುದ್ಧದ ಮಧ್ಯೆ ಈಜಿಪ್ಟಿನ ಸುಲ್ತಾನ್ ಅಲ್-ಕಾಮಿಲ್ ಹತ್ತಿರ ಖುದ್ದಾಗಿ ಹೋಗಿ ಮಾತಾಡಿ, ತಲೆ ಉಳಿಸಿಕೊಂಡು ವಾಪಸ್ ಬಂದವರು ಅವರು.

ಬೈಬಲಿನಲ್ಲಿ ಇದಕ್ಕೆ ಹತ್ತಿರದ ವಾಕ್ಯ 1 ಪೇತ್ರ 3:15. ನಿಮ್ಮಲ್ಲಿರೋ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡೋಕೆ ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ. "ಕೇಳಿದವರಿಗೆ" ಅನ್ನೋದನ್ನ ಜನ ಓದೋದೇ ಇಲ್ಲ.

ಗಾಣದ_ಎತ್ತು_ಮಂಡ್ಯ
ನಾನು ಕ್ರಿಶ್ಚಿಯನ್ ಅಲ್ಲ. ಕೇಳ್ದೋರು ನೀವೇ, ಅದ್ಕೆ ಹೇಳ್ತಿವ್ನಿ. ನಮ್ ಕಡೆ ಜನಕ್ಕೆ ಏಸಪ್ಪನ ಮ್ಯಾಲೆ ಕ್ವಾಪ ಇಲ್ಲ ಕನ್ರಣ್ಣ. ದೋರನಹಳ್ಳಿ ಚರ್ಚಿನ ಅಂತೋಣಿಯಪ್ಪನ ತಾವ ಒಂದ್ ಮಂಗಳ್ವಾರ ಓಗಿ ನೋಡಿ, ನಮ್ಮೋರೂ ಸಾಲಲ್ಲಿ ನಿಂತಿರ್ತರೆ. ಸಿಟ್ಟು ಬರೋ ಜಾಗ ಬ್ಯಾರೆ.

ಸಾವಾದ ಮನೇಲಿ ತಿಥಿ ಮುಗಿಯಾಕ್ ಮುಂಚೆ ಬಂದು "ನಿಮ್ ದ್ಯಾವ್ರು ಕೈಬುಟ್ಟ" ಅನ್ನಾದು. ಆಲೆಮನೆಗೆ ಕೂಲಿಗ್ ಬಂದೋರ ಐಕ್ಳಿಗೆ ಬಿಸ್ಕತ್ ಕೊಟ್ಟು, ಅವ್ವ ಅಪ್ಪಂಗೆ ಗೊತ್ತಿಲ್ದಂಗೆ ಪ್ರಾರ್ಥನೆ ಕಲ್ಸಾದು. ಸಾಲ ಕೊಟ್ಟೋನೇ ಕುಂತ್ಕಂಡು ಉಪದೇಸ ಮಾಡಾದು. ಸಾಲ ಈಸ್ಕಂಡೋನು ತಲೆ ಆಡುಸ್ದೆ ಇನ್ನೇನ್ ಮಾಡಾನು ಏಳಿ? ಊರ್ ಮಾರಮ್ಮನ್ನ ಸೈತಾನ ಅನ್ನೋದಂತೂ ಬ್ಯಾಡ್ವೇ ಬ್ಯಾಡ. ಇಷ್ಟು ಬುಟ್ರೆ ನೀವು ನಿಮ್ ದ್ಯಾವ್ರ ವಿಸ್ಯ ವಸಿ ಏನ್ ದಿನ್ವೆಲ್ಲಾ ಮಾತಾಡಿ, ಟೀ ನಾನೇ ಕೊಡುಸ್ತೀನಿ.

ಹೊಸಜೀವ_92
ಸತ್ಯ ಗೊತ್ತಿದ್ದೂ ಹೇಳದೆ ಇರೋದು ಗೌರವ ಅಲ್ಲ, ಹೇಡಿತನ. ಅಪೊಸ್ತಲರು (ಯೇಸು ಕಳಿಸಿದ ಮೊದಲ ಶಿಷ್ಯರು) ಯಾರಾದರೂ ಕೇಳಲಿ ಅಂತ ಕಾದು ಕೂತಿದ್ರಾ? ಸಂತೆಬೀದೀಲಿ ನಿಂತು ಸಾರಿದ್ರು. ಸಂವಿಧಾನದ 25ನೇ ವಿಧಿಯಲ್ಲಿ ಪ್ರಚಾರದ ಹಕ್ಕೂ ಇದೆ.

ಹಳೇ_ಉಪದೇಶಿ
@ಹೊಸಜೀವ_92 ಅಥೇನ್ಸ್‌ನಲ್ಲಿ ಪೌಲ ಏನು ಮಾಡಿದ ಅಂತ ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ ತೆಗೆದು ಓದಪ್ಪ. ಊರೆಲ್ಲ ಸುತ್ತಿ ನೋಡಿದ, ಅವರ ಬಲಿಪೀಠದ ಮೇಲಿನ ಬರಹ ಓದಿದ, ಅವರ ಕವಿಯ ಮಾತನ್ನೇ ಎತ್ತಿಕೊಂಡು ಮಾತು ಶುರು ಮಾಡಿದ. ವಿಗ್ರಹ ಕಂಡು ಒಳಗೊಳಗೆ ಕುದೀತಿದ್ದರೂ ಬೈಗುಳದಿಂದ ಆರಂಭಿಸಲಿಲ್ಲ. 8ನೇ ಅಧ್ಯಾಯದಲ್ಲಿ ಫಿಲಿಪ್ಪ ಇಥಿಯೋಪಿಯದ ಅಧಿಕಾರಿಯ ರಥದ ಪಕ್ಕ ಓಡ್ತಾ ಮೊದಲು ಕೇಳಿದ್ದು ಪ್ರಶ್ನೆ: ಓದುತ್ತಿರೋದು ಅರ್ಥ ಆಗ್ತಿದೆಯಾ? ಆತ ಹತ್ತಿ ಕೂತುಕೋ ಅಂದ ಮೇಲೇ ರಥ ಹತ್ತಿದ್ದು. ಯೇಸು ಸಮಾರ್ಯದ ಹೆಂಗಸಿನ ಹತ್ತಿರ ಮೊದಲು ಕುಡಿಯೋಕೆ ನೀರು ಕೇಳಿದ.

ಇದರಿಂದ ಕಲಿಯೋ ಕೆಲಸ ಸಣ್ಣದು, ಮಾಡೋಕೆ ಕಷ್ಟ. ಮೊದಲು ನೀವು ಕೇಳಿ. "ನಿಮ್ಮ ಮನೇಲಿ ಪೂಜೆ ಹೇಗೆ ನಡೆಯುತ್ತೆ? ಮನೆದೇವರು ಯಾರು? ಹರಕೆ ಯಾಕೆ ಹೊತ್ರಿ?" ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ನಡುವೆ "ಆದರೆ ಬೈಬಲ್ ಹೇಳುತ್ತೆ" ಅಂತ ಬಾಯಿ ಹಾಕಬೇಡಿ. ಅವರೇ "ನಿಮ್ಮಲ್ಲಿ ಹೇಗೆ?" ಅಂತ ತಿರುಗಿ ಕೇಳಿದ ದಿನ ಮಾತಾಡಿ. ಅದು ಆ ದಿನವೇ ಆಗಬೇಕು ಅಂತ ಏನಿಲ್ಲ.

ಕುಕ್ಕರಹಳ್ಳಿ_ದಂಡೆ
ಕೇಳಿದರು ಅಂತಲೇ ಇಟ್ಕೊಳ್ಳಿ. ಎಷ್ಟು ಹೊತ್ತು ಮಾತಾಡೋದು?

ಹಳೇ_ಉಪದೇಶಿ
ಮೂರು ನಿಮಿಷ. ಕ್ಯಾಂಟೀನಿನಲ್ಲಿ ಒಂದು ಟೀ ಆರೋ ಅಷ್ಟು. ಮೊದಲು ಬದುಕು ಹೇಗಿತ್ತು, ಏನಾಯ್ತು, ಈಗ ಹೇಗಿದೆ. ಯೊವಾನ್ನ 9:25ರಲ್ಲಿ ಯೇಸು ಕಣ್ಣು ಕೊಟ್ಟ ಕುರುಡ ಒಂದೇ ಉಸಿರಲ್ಲಿ ಹೇಳಿದ: ಕುರುಡನಾಗಿದ್ದೆ, ಈಗ ಕಾಣ್ತಿದೆ. ಸಾಮಾನ್ಯವಾಗಿ ಕೆಡೋದು ಎರಡು ಕಡೆ. "ಮೊದಲು" ಅನ್ನೋ ಭಾಗದಲ್ಲಿ ಹಳೇ ಧರ್ಮಕ್ಕೋ ಬಿಟ್ಟು ಬಂದ ಸಭೆಗೋ (ಚರ್ಚಿಗೋ) ಬೈಯೋದು ಒಂದು. ಕೊನೆಗೆ "ನೀವೂ ಬನ್ನಿ, ನಿಮಗೂ ಒಳ್ಳೇದಾಗುತ್ತೆ" ಅಂತ ಬಾಲಂಗೋಚಿ ಕಟ್ಟೋದು ಇನ್ನೊಂದು. ಆ ಬಾಲ ಕೇಳಿಸಿದ ತಕ್ಷಣ ಹಿಂದೆ ಹೇಳಿದ್ದೆಲ್ಲ ಇನ್ಶೂರೆನ್ಸ್ ಏಜೆಂಟ್ ಮಾತಾಗುತ್ತೆ.

ಕ್ಯಾಥೊಲಿಕರಿಗೆ ವರ್ಷದಲ್ಲಿ ಒಂದು ದಿನ ಮಾತು ತಾನಾಗೇ ಹುಟ್ಟುತ್ತೆ, ಬೂದಿ ಬುಧವಾರ. ಹಣೆ ಮೇಲೆ ಬೂದಿಯ ಶಿಲುಬೆ ನೋಡಿ ನಮ್ಮೂರಲ್ಲಿ ಕೇಳದೆ ಬಿಡೋರು ಕಮ್ಮಿ: "ಏನ್ ಸಾರ್, ವಿಭೂತಿನಾ?" ಉತ್ತರ ಅರ್ಧ ನಿಮಿಷದ್ದು. ಹಿಂದಿನ ವರ್ಷ ಗರಿಗಳ ಭಾನುವಾರ (ಈಸ್ಟರಿಗೆ ಮುಂಚಿನ ಭಾನುವಾರ) ಮನೆಗೆ ಒಯ್ದ ಗರಿ ಸುಟ್ಟು ಮಾಡಿದ ಬೂದಿ, ಮಣ್ಣಿಂದ ಬಂದು ಮಣ್ಣಿಗೆ ಹೋಗೋರು ಅನ್ನೋ ನೆನಪಿಗೆ, ಇವತ್ತಿಂದ ಪಾಸ್ಕದವರೆಗೆ, ಅಂದರೆ ಈಸ್ಟರ್‌ವರೆಗೆ, ಭಾನುವಾರ ಬಿಟ್ಟು 40 ದಿನ ವ್ರತ. ಸೋಮವಾರ ಒಪ್ಪತ್ತು ಮಾಡೋರಿಗೆ, ಶಿವರಾತ್ರಿ ಜಾಗರಣೆ ಮಾಡೋರಿಗೆ ಇದಕ್ಕಿಂತ ವಿವರಣೆ ಬೇಕಾಗಲ್ಲ.

ಬನ್ನಿಮಂಟಪ_ಬೀದಿ
ಗುಡ್ ಫ್ರೈಡೇ ದಿನ "ಹ್ಯಾಪಿ ಗುಡ್ ಫ್ರೈಡೇ" ಅಂತ ಮೆಸೇಜ್ ಬರುತ್ತಲ್ಲ, ಅದಕ್ಕೂ ಒಂದು ದಾರಿ ಹೇಳಿ. ನಗುಮುಖದ ಸ್ಟಿಕರ್ ಬೇರೆ ಇರುತ್ತೆ.

ಲಷ್ಕರ್_ಮೊಹಲ್ಲಾ
"ಥ್ಯಾಂಕ್ಸ್. ಇವತ್ತು ನಮಗೆ ಶೋಕದ ದಿನ, ಯೇಸು ಶಿಲುಬೆ ಮೇಲೆ ಪ್ರಾಣ ಬಿಟ್ಟ ದಿನ. ಭಾನುವಾರ ಹಬ್ಬ, ಊಟಕ್ಕೆ ಬನ್ನಿ." ಇಷ್ಟೇ ಕಳಿಸಿ. ಅವರು ನೆನಪಿಟ್ಟುಕೊಂಡು ಹಾರೈಸಿದ್ದಾರೆ, ಪಾಠ ಹೇಳೋಕೆ ಹೋಗಬೇಡಿ.

ಕರಿಕೋಟು_ಕೋರ್ಟ್‌ರಸ್ತೆ
ಕಾನೂನಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. @ಹೊಸಜೀವ_92 25ನೇ ವಿಧಿ ಹೇಳಿದ್ರಿ, ಪೂರ್ತಿ ಹೇಳಲಿಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನ ನಂಬೋಕೆ, ಆಚರಿಸೋಕೆ, ಪ್ರಚಾರ ಮಾಡೋಕೆ ಹಕ್ಕಿದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಪ್ರಚಾರದ ಹಕ್ಕು ಅಂದರೆ ತನ್ನ ಧರ್ಮದ ತತ್ವ ತಿಳಿಸೋ ಹಕ್ಕು, ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕಲ್ಲ.

ಆಮೇಲೆ ನಮ್ಮ ರಾಜ್ಯದ್ದು, ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, 2022. ಬಲವಂತ, ವಂಚನೆ, ಅನುಚಿತ ಪ್ರಭಾವ, ಆಮಿಷ, ಮದುವೆಯ ಭರವಸೆ, ಇವುಗಳಿಂದ ಮತಾಂತರ ಮಾಡಿದರೆ 3ರಿಂದ 5 ವರ್ಷ ಜೈಲು, 25,000 ರೂಪಾಯಿ ದಂಡ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರಾದರೆ 3ರಿಂದ 10 ವರ್ಷ, 50,000. ಇಬ್ಬರು ಅಥವಾ ಹೆಚ್ಚು ಜನರಾದರೆ ಸಾಮೂಹಿಕ ಅಂತ ಲೆಕ್ಕ, ದಂಡ 1 ಲಕ್ಷ. ಜಾಮೀನುರಹಿತ ಅಪರಾಧ. ತಪ್ಪು ಮಾಡಿಲ್ಲ ಅಂತ ತೋರಿಸೋ ಹೊಣೆ ಆರೋಪಿ ಮೇಲೇ ಬೀಳುತ್ತೆ.

"ಆಮಿಷ"ದ ವ್ಯಾಖ್ಯೆ ಗಮನವಿಟ್ಟು ಓದಬೇಕು. ನಗದು, ಉಡುಗೊರೆ ಸರಿ. ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯ ಭರವಸೆ, ದೇವರ ಕೋಪದ ಮಾತು, ಒಂದು ಧರ್ಮದ ಆಚರಣೆಯನ್ನ ಇನ್ನೊಂದರ ಎದುರು ಕೀಳಾಗಿ ತೋರಿಸೋದು, ಇವೂ ಅದರಲ್ಲಿವೆ. ದೂರು ಕೊಡೋರ ಪಟ್ಟಿಯಲ್ಲಿ ಮತಾಂತರವಾದ ವ್ಯಕ್ತಿ, ತಂದೆ ತಾಯಿ, ಅಣ್ಣ ತಮ್ಮ ಅಕ್ಕ ತಂಗಿ, ನೆಂಟರು, ಜೊತೆಗೆ ಸಹೋದ್ಯೋಗಿಯೂ ಇದ್ದಾನೆ. ಆಫೀಸಿನವರು ಇದನ್ನ ಎರಡು ಸಲ ಓದಿ.

ಕುಕ್ಕರಹಳ್ಳಿ_ದಂಡೆ
ಆ ಕಾಯ್ದೆ ರದ್ದಾಯ್ತು ಅಂತ ಎಲ್ಲರೂ ಹೇಳ್ತಾರಲ್ಲ ಸಾರ್?

ಕರಿಕೋಟು_ಕೋರ್ಟ್‌ರಸ್ತೆ
2023ರ ಜೂನ್‌ನಲ್ಲಿ ಸಂಪುಟ ರದ್ದು ಮಾಡೋಕೆ ತೀರ್ಮಾನ ಮಾಡಿತು. ಸಂಪುಟದ ತೀರ್ಮಾನ ಬೇರೆ, ಎರಡೂ ಸದನದಲ್ಲಿ ಮಸೂದೆ ಪಾಸಾಗಿ ಗೆಜೆಟ್‌ನಲ್ಲಿ ಬರೋದು ಬೇರೆ. ಸಂಪುಟದ ಸುದ್ದಿ ಓದಿ ಕಾಯ್ದೆ ಸತ್ತಿದೆ ಅಂದುಕೊಂಡವರಿದ್ದಾರೆ, ಆದರೆ ಅದಾದ ಮೇಲೂ ಈ ಕಾಯ್ದೆಯಡಿ ಕೇಸುಗಳು ನಡೆದಿವೆ. 2025ರಲ್ಲಿ ಜಮಖಂಡಿಯ ಒಂದು ಪ್ರಕರಣ ಇದೇ ಕಾಯ್ದೆಯಡಿ ಹೈಕೋರ್ಟಿಗೆ ಬಂತು. ಇಸ್ಲಾಂ ಬಗ್ಗೆ ಕರಪತ್ರ ಹಂಚಿ ಮಾತಾಡಿದರು ಅನ್ನೋ ಆರೋಪ. ಯಾರನ್ನೂ ಮತಾಂತರ ಮಾಡಿಲ್ಲ, ದೂರುದಾರ ಕಾಯ್ದೆಯ ಪಟ್ಟಿಯಲ್ಲಿ ಬರೋನಲ್ಲ ಅಂತ ಕೋರ್ಟ್ ಎಫ್‌ಐಆರ್ ರದ್ದು ಮಾಡಿತು. ಅಂದರೆ ಬರೀ ತಿಳಿಸೋದು ಅಪರಾಧ ಅಲ್ಲ. ಆದರೆ ಅಲ್ಲಿವರೆಗೆ ಹೋಗಿ ಬರೋ ಖರ್ಚು, ಅಲೆದಾಟ ಯಾರದು ಅನ್ನೋದು ನಿಮಗೆ ಬಿಟ್ಟಿದ್ದು.

ಇನ್ನೊಂದು ಭಾರತೀಯ ನ್ಯಾಯ ಸಂಹಿತೆಯ 299, ಹಳೇ ಭಾರತೀಯ ದಂಡ ಸಂಹಿತೆಯ 295ಎ. ಬೇಕಂತಲೇ ಧಾರ್ಮಿಕ ಭಾವನೆ ಕೆರಳಿಸೋ ಅವಮಾನಕ್ಕೆ ಇದು. ಎಲ್ಲ ಧರ್ಮದವರಿಗೂ ಒಂದೇ.

ಚಿಕ್ಕದೇವ_ನಾಲೆ
ಯಾರಾದರೂ ತಾವಾಗೇ ಬಂದು ಜ್ಞಾನಸ್ನಾನ (ಕ್ರೈಸ್ತರಾಗೋ ನೀರಿನ ವಿಧಿ, ದೀಕ್ಷಾಸ್ನಾನ) ಬೇಕು ಅಂದರೆ?

ಕರಿಕೋಟು_ಕೋರ್ಟ್‌ರಸ್ತೆ
ಕಾಯ್ದೆ ಪ್ರಕಾರ ಆ ವ್ಯಕ್ತಿ ಕನಿಷ್ಠ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ನಮೂನೆ 1ರಲ್ಲಿ ಘೋಷಣೆ ಕೊಡಬೇಕು. ವಿಧಿ ನಡೆಸೋ ಗುರುಗಳು ಅಥವಾ ಪಾಸ್ಟರ್ ನಮೂನೆ 2ರಲ್ಲಿ. ಅದನ್ನ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪ ಕರೀತಾರೆ. ಆದ ಮೇಲೆ 30 ದಿನದೊಳಗೆ ಇನ್ನೊಂದು ಘೋಷಣೆ. ಆ ಹೊತ್ತಿಗೆ ಕಾನೂನಿನ ಸ್ಥಿತಿ ಏನು ಅಂತ ನಿಮ್ಮ ವಕೀಲರ ಹತ್ತಿರ ನೋಡಿಸಿಕೊಂಡೇ ಮುಂದಿನ ಹೆಜ್ಜೆ ಇಡಿ.

ಜಾತಿ ಪ್ರಮಾಣಪತ್ರದ ಮಾತೂ ಮೊದಲೇ ಹೇಳಬೇಕು, ಮುಚ್ಚಿಡಬಾರದು. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಮಾನ್ಯತೆ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ. ಕ್ರೈಸ್ತರಾದರೆ ಅದು ಹೋಗುತ್ತೆ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅಂಥವರು ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ. ಮಗಳ ಸೀಟು, ಮಗನ ಕೆಲಸದ ಅರ್ಜಿ ಎಲ್ಲ ಇದರ ಮೇಲೆ ನಿಂತಿರುತ್ತೆ. ನೀರಿಗಿಳಿಸಿದ ಮೇಲೆ ಇದನ್ನ ತಿಳಿಸೋದು ಮೋಸ.

ಹಳೇ_ಉಪದೇಶಿ
ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಕ್ಯಾಥೊಲಿಕ್ ಸಭೆಯಲ್ಲಿ ವಯಸ್ಕರು ಇವತ್ತು ಬಂದು ನಾಳೆ ಜ್ಞಾನಸ್ನಾನ ಪಡೆಯೋ ಪದ್ಧತಿ ಇಲ್ಲ. ವಿಚಾರಣೆಯ ಕಾಲ, ಧರ್ಮೋಪದೇಶದ ಕಾಲ, ತಪಸ್ಸುಕಾಲದ (ಆ 40 ದಿನದ ವ್ರತದ) ಕೊನೇ ಸಿದ್ಧತೆ, ಪಾಸ್ಕ ಜಾಗರಣೆಯ ರಾತ್ರಿ ಸಂಸ್ಕಾರ. ತಿಂಗಳುಗಟ್ಟಲೆ ಹಿಡಿಯುತ್ತೆ. ಅವಸರ ಮಾಡೋರನ್ನ ಕಾಯಿಸೋದೇ ಅದರ ಉದ್ದೇಶ. ಮನೆಯವರಿಗೆ ಗೊತ್ತಿಲ್ಲದೆ ಬಂದವರಿಗೆ ಮೊದಲ ಪಾಠ, ಮನೆಗೆ ಹೋಗಿ ಹೇಳು.

ಹೊಸಜೀವ_92
ಫಿಲಿಪ್ಪ ಇಥಿಯೋಪಿಯದವನಿಗೆ ದಾರೀಲಿ ನೀರು ಕಂಡ ತಕ್ಷಣ ದೀಕ್ಷಾಸ್ನಾನ ಕೊಟ್ಟ. ನೀವೇ ಎತ್ತಿದ 8ನೇ ಅಧ್ಯಾಯ ಅದು, ಉಪದೇಶಿಗಳೇ.

ಹಳೇ_ಉಪದೇಶಿ
ಕೊಟ್ಟ. ಆತ ಮೊದಲೇ ಯೆರೂಸಲೇಮಿಗೆ ಯಾತ್ರೆ ಹೋಗಿ, ಯೆಶಾಯನ ಗ್ರಂಥ ಓದ್ತಾ ವಾಪಸ್ ಬರ್ತಿದ್ದವನು. ಸಿದ್ಧತೆ ಇಲ್ಲದ ಬೀದಿಹೋಕ ಅಲ್ಲ. ಇದರ ಮೇಲೆ ನಾವಿಬ್ಬರೂ ಸಂಜೆವರೆಗೆ ಎಳೆದಾಡಬಹುದು, ಅದಕ್ಕೆ ಬೇರೆ ಚರ್ಚೆ ತೆಗೀರಿ.

ಒಗ್ಗರಣೆ_ಡಬ್ಬಿ
ಎಲ್ಲರೂ ಬಾಯಿಮಾತಿನ ಬಗ್ಗೆನೇ ಹೇಳ್ತಿದ್ದೀರಿ, ತಟ್ಟೆ ಬಗ್ಗೆ ಯಾರೂ ಎತ್ತಲಿಲ್ಲ. ಕ್ರಿಸ್ಮಸ್ ತಟ್ಟೆ ಪಕ್ಕದ ಮನೆಗೆ ಹೋಗುತ್ತಲ್ಲ, ಅಲ್ಲೇ ಅರ್ಧ ಕೆಲಸ ಆಗುತ್ತೆ, ಇಲ್ಲವೇ ಕೆಡುತ್ತೆ. ಮೊಟ್ಟೆ ಹಾಕಿದ ಕೇಕನ್ನ ಲಿಂಗಾಯತರ ಮನೆಗೋ ಬ್ರಾಹ್ಮಣರ ಮನೆಗೋ ಕೊಟ್ಟರೆ ನಗುತ್ತಾ ಈಸ್ಕೊಂಡು ಕೆಲಸದವರಿಗೆ ದಾಟಿಸ್ತಾರೆ. ಅಂಗಡಿ ಕೇಕಾದರೆ ಹಸಿರು ಚುಕ್ಕೆ ನೋಡಿ ತಗೊಳ್ಳಿ. ರಮ್ಮಿನಲ್ಲಿ ನೆನೆಸಿದ ಹಣ್ಣಿನದಾದರೆ ಹೇಳಿಯೇ ಕೊಡಿ. ಗೊತ್ತಿಲ್ಲದಿದ್ದರೆ ಬಾಳೆಹಣ್ಣು, ಕಿತ್ತಳೆ, ಮನೇಲಿ ಕರಿದ ಚಕ್ಕುಲಿ, ಕರ್ಜಿಕಾಯಿ. ಡಬ್ಬಿಯೊಳಗೆ ವಾಕ್ಯದ ಚೀಟಿ, ಕರಪತ್ರ ತುರುಕಬೇಡಿ. ಅದು ಕಂಡರೆ ಕರ್ಜಿಕಾಯಿ ರುಚಿಯೇ ಬದಲಾಗುತ್ತೆ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಬಂದಾಗ ಪಾತ್ರೆ ಖಾಲಿ ವಾಪಸ್ ಕಳಿಸಬಾರದು ಅನ್ನೋದನ್ನ ಹೇಳಬೇಕಾಗಿಲ್ಲ ತಾನೆ.

ಬನ್ನಿಮಂಟಪ_ಬೀದಿ
ಅಕ್ಕಾ, ಮೊಟ್ಟೆ ಇಲ್ಲದ ಪ್ಲಮ್ ಕೇಕ್ ಇಟ್ಟಿಗೆ ಥರ ಆಗುತ್ತಲ್ಲ, ಅದಕ್ಕೇನು ಮಾಡೋದು?

ಒಗ್ಗರಣೆ_ಡಬ್ಬಿ
ಮೊಸರು ಸೋಡಾ ಕಲೆಸಿ ಇಟ್ಟು ಫೋನ್ ನೋಡ್ತಾ ಕೂತರೆ ಇಟ್ಟಿಗೆಯೇ ಆಗೋದು. ಹುಳಿ ಸಿಕ್ಕ ತಕ್ಷಣ ಗಾಳಿ ಬಿಡೋಕೆ ಶುರು, ಹಿಟ್ಟು ಕಲೆಸಿದ ಕೂಡಲೇ ಒಲೆಗೆ ಹೋಗಬೇಕು. ಮೊಸರು 1 ಕಪ್, ಸಕ್ಕರೆ ಮುಕ್ಕಾಲು ಕಪ್ ಕರಗಿಸಿ, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಸೋಡಾ ಅರ್ಧ ಟೀ ಚಮಚ ಹಾಕಿ ನೊರೆ ಬರಲಿ. ಎಣ್ಣೆ ಅರ್ಧ ಕಪ್, ಮೈದಾ ಒಂದೂವರೆ ಕಪ್. ದ್ರಾಕ್ಷಿ ಖರ್ಜೂರ ಚೆರ್ರಿ ಹಿಂದಿನ ರಾತ್ರಿಯೇ ಕಿತ್ತಳೆ ರಸದಲ್ಲಿ ನೆನೆಸಿ ಫ್ರಿಡ್ಜಲ್ಲಿಡಿ. ಬಸಿದು ಒಂದು ಚಮಚ ಮೈದಾದಲ್ಲಿ ಹೊರಳಿಸಿ ಹಾಕಿದರೆ ತಳಕ್ಕೆ ಇಳಿಯಲ್ಲ. 180 ಡಿಗ್ರಿ, 35ರಿಂದ 40 ನಿಮಿಷ. ಕುಕ್ಕರಾದರೆ ಗ್ಯಾಸ್ಕೆಟ್, ವೆಯಿಟ್ ತೆಗೆದು, ತಳಕ್ಕೆ ಪುಡಿ ಉಪ್ಪು ಹರಡಿ, ಸ್ಟ್ಯಾಂಡ್ ಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ 50 ನಿಮಿಷ.

ಗಾಣದ_ಎತ್ತು_ಮಂಡ್ಯ
ಇದು ಸುವಾರ್ತೆ ಕನಕ್ಕೋ.

ಚಿಕ್ಕದೇವ_ನಾಲೆ
ಕೇಕ್ ಆಯ್ತು, ಇನ್ನೊಂದು ದಿಕ್ಕಿನ ಪ್ರಶ್ನೆ. ಆಯುಧಪೂಜೆ ದಿನ ಫ್ಯಾಕ್ಟರಿಲಿ ಬೂದುಗುಂಬಳ ಒಡೆದು ಸಿಹಿ ಹಂಚ್ತಾರೆ. ಪಕ್ಕದ ಮನೆಯಿಂದ ಪ್ರಸಾದ ಬರುತ್ತೆ. ತಗೋಬೇಕಾ, ಬೇಡವಾ?

ಹೊಸಜೀವ_92
ಬೇಡ. 1 ಕೊರಿಂಥ 10 ಓದಿ, ವಿಗ್ರಹಕ್ಕೆ ಅರ್ಪಿಸಿದ್ದರಲ್ಲಿ ಪಾಲು ಬೇಡ ಅಂತಿದೆ.

ಹಳೇ_ಉಪದೇಶಿ
ಅದೇ ಅಧ್ಯಾಯದ 25ರಿಂದ 29ರವರೆಗೂ ಓದಿ. ಮಾರುಕಟ್ಟೇಲಿ ಸಿಕ್ಕಿದ್ದನ್ನ ವಿಚಾರಿಸದೆ ತಿನ್ನಿ, ಊಟಕ್ಕೆ ಕರೆದವರ ಮನೇಲಿ ಬಡಿಸಿದ್ದು ತಿನ್ನಿ, ಇದು ವಿಗ್ರಹಕ್ಕೆ ಇಟ್ಟಿದ್ದು ಅಂತ ಯಾರಾದರೂ ಹೇಳಿದರೆ ಮಾತ್ರ ಆ ಹೇಳಿದವನ ಮನಸ್ಸಾಕ್ಷಿಗೋಸ್ಕರ ಬಿಡಿ. ಸಭೆಗಳ ನಡುವೆ ಇದರಲ್ಲಿ ಒಮ್ಮತ ಇಲ್ಲ, ಇದೆ ಅಂತ ನಟಿಸೋದೂ ಬೇಡ. ತಗೊಳ್ಳೋರು ತಗೊಳ್ಳಿ. ತಗೊಳ್ಳದೋರು ಎರಡೂ ಕೈ ಮುಗಿದು "ನಮ್ಮಲ್ಲಿ ಪೂಜೆಗಿಟ್ಟಿದ್ದು ತಿನ್ನಲ್ಲ ಅಮ್ಮ, ತಪ್ಪು ತಿಳೀಬೇಡಿ, ಕಾಫಿ ಕೊಡಿ" ಅಂತ ಬಾಗಿಲಲ್ಲೇ ಹೇಳಿ. ಕೆಲವರು ಈಸ್ಕೊಂಡು ಕಾಂಪೌಂಡ್ ಪಕ್ಕ ಚೆಲ್ತಾರೆ. ಮೇಲಿನ ಮಹಡಿಯಿಂದ ಅದು ಕಾಣುತ್ತೆ ಅಂತ ಅವರಿಗೆ ಹೊಳೆಯಲ್ಲ.

ದಸರಾ ಗೊಂಬೆ ನೋಡೋಕೆ ಕರೆದರೆ ಹೋಗಿ. ಪಟ್ಟದ ಗೊಂಬೆ ಎಲ್ಲಿಂದ ಬಂತು, ಎಷ್ಟು ವರ್ಷದ್ದು ಅಂತ ಕೇಳಿ. ಡಿಸೆಂಬರಲ್ಲಿ ಅವರ ಮಕ್ಕಳು ನಿಮ್ಮ ಮನೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳು) ನೋಡೋಕೆ ಬರ್ತಾರೆ. ಕುರುಬರು ಯಾರು, ಮೂವರು ಜ್ಞಾನಿಗಳು ಯಾರು, ಕತ್ತೆ ಯಾಕೆ, ಎಲ್ಲ ಅವರೇ ಕೇಳ್ತಾರೆ.

ದಾದಿ_ರಾತ್ರಿಪಾಳಿ
ಆಸ್ಪತ್ರೆ ಬಗ್ಗೆ ಬರೀತೀನಿ, ದಯವಿಟ್ಟು ಓದಿ. ರೋಗಿಗೋಸ್ಕರ ಪ್ರಾರ್ಥಿಸಬೇಕು ಅನ್ನಿಸಿದರೆ ಮೊದಲು ಕೇಳಿ: "ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ?" ರೋಗಿಗೆ ಎಚ್ಚರ ಇಲ್ಲದಿದ್ದರೆ ಮನೆಯವರನ್ನ ಕೇಳಿ. ಬೇಡ ಅಂದರೆ ನಗುತ್ತಾ ಹಣ್ಣಿನ ಕವರ್ ಇಟ್ಟು ಬನ್ನಿ, ನಿಮ್ಮ ಮನೇಲಿ ಕೂತು ಪ್ರಾರ್ಥಿಸಿದರೆ ದೇವರಿಗೆ ಕೇಳಿಸುತ್ತೆ. ಸರಿ ಅಂದರೆ ಒಂದು ನಿಮಿಷ, ಮೆಲುದನಿಯಲ್ಲಿ. ಜನರಲ್ ವಾರ್ಡ್‌ನಲ್ಲಿ ಪಕ್ಕದ ಹಾಸಿಗೆಯವರು ಆಗಷ್ಟೇ ಕಣ್ಣು ಮುಚ್ಚಿರ್ತಾರೆ. ಕೇಳದೆ ತಲೆ ಮೇಲೆ ಕೈ ಇಡಬೇಡಿ, ಹೆಂಗಸರಿಗಂತೂ ಇಡಲೇಬೇಡಿ. ಎಣ್ಣೆ ಹಚ್ಚೋದು, ಬಾಯಿಗೆ ನೀರು ಹಾಕೋದು ಬೇಡವೇ ಬೇಡ. ನುಂಗೋಕಾಗದ ರೋಗಿಗೆ ಒಂದು ಚಮಚ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಎಲ್ಲಕ್ಕಿಂತ ದೊಡ್ಡದು, "ನಂಬಿಕೆ ಇದ್ದರೆ ಮಾತ್ರೆ ಯಾಕೆ" ಅನ್ನೋ ಮಾತು. ಟಿಬಿ ಮಾತ್ರೆ ಸಾಮಾನ್ಯವಾಗಿ 6 ತಿಂಗಳು. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತೆ, ವಾಸಿಯಾಯ್ತು ಅಂತ ಸಾಕ್ಷಿ ಹೇಳಿಸಿ ಮಾತ್ರೆ ಬಿಡಿಸಿದರೆ ಉಳಿದ ಕ್ರಿಮಿ ಔಷಧಕ್ಕೆ ಬಗ್ಗದ ಹಾಗೆ ತಯಾರಾಗುತ್ತೆ. ಮನೆಯವರಿಗೂ ಹಬ್ಬುತ್ತೆ. ಇನ್ಸುಲಿನ್ ಬಿಟ್ಟ ಸಕ್ಕರೆ ರೋಗಿ, ಫಿಟ್ಸ್ ಮಾತ್ರೆ ಬಿಟ್ಟವರು ಐಸಿಯುಗೆ ಬರೋಕೆ ಹೆಚ್ಚು ದಿನ ಬೇಕಾಗಲ್ಲ. ಯೇಸು ಕುಷ್ಠರೋಗಿಯನ್ನ ಗುಣ ಮಾಡಿ "ಹೋಗಿ ಯಾಜಕನಿಗೆ ತೋರಿಸು" ಅಂದದ್ದು ಯಾಕೆ? ಆ ಕಾಲದಲ್ಲಿ ವಾಸಿಯಾಗಿದೆ ಅಂತ ಪರೀಕ್ಷೆ ಮಾಡಿ ಹೇಳ್ತಿದ್ದೋರು ಅವರೇ. ಈ ಕಾಲದಲ್ಲಿ ಅದು ಲ್ಯಾಬ್ ರಿಪೋರ್ಟ್.

ಕರಿಕೋಟು_ಕೋರ್ಟ್‌ರಸ್ತೆ
ದಾದಿಯಮ್ಮನ ಮಾತಿಗೆ ಒಂದು ಸಾಲು ಸೇರಿಸ್ತೀನಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಲಕ್ವ ಪವಾಡದಿಂದ ವಾಸಿ ಅಂತ ಪೋಸ್ಟರ್ ಅಂಟಿಸೋರು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆ ಒಮ್ಮೆ ಓದಿ. ತಾಯಿತ ಮಾರೋರಿಗೆ ಮಾತ್ರ ಅಂತ ತಿಳೀಬೇಡಿ.

ಹೊಸಜೀವ_92
ಎಲ್ಲದಕ್ಕೂ ಬೇಡ ಬೇಡ ಅಂದರೆ ಮಿಷನರಿಗಳು ಈ ನಾಡಿಗೆ ಬಂದು ಮಾಡಿದ್ದೇನು? ಅವರು ಸುಮ್ಮನೆ ಇದ್ದಿದ್ರೆ ಕನ್ನಡದಲ್ಲಿ ಬೈಬಲ್ ಇರ್ತಿತ್ತಾ?

ಗಂಜಾಂ_ಕೋಟೆ
ಒಳ್ಳೇ ಪ್ರಶ್ನೆ. ಪೂರ್ತಿ ಬೈಬಲ್ ಕನ್ನಡದಲ್ಲಿ 1831ರಲ್ಲಿ ಬಳ್ಳಾರಿಯಲ್ಲಿ ಅಚ್ಚಾಯ್ತು, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಕೆಲಸ. ಆದರೆ ನಮ್ಮ ಕಡೆ ನೋಡಬೇಕಾದ್ದು ಅಬ್ಬೆ ದ್ಯುಬ್ವಾ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ಕ್ರೈಸ್ತರನ್ನ ಮತ್ತೆ ಒಟ್ಟುಗೂಡಿಸೋಕೆ ಬಂದ ಫ್ರೆಂಚ್ ಪಾದ್ರಿ. ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಈಗಲೂ ಇದೆ. ಇಲ್ಲಿನವರ ಹಾಗೆ ಉಟ್ಟು, ಇಲ್ಲಿನವರ ಹಾಗೆ ಉಂಡು, ಜನರ ಬಾಯಲ್ಲಿ ದೊಡ್ಡಸ್ವಾಮಿ ಆದರು. ಸಿಡುಬಿನ ಲಸಿಕೆ ಹಾಕಿಸೋಕೆ ಊರೂರು ಸುತ್ತಿದರು. ಹಾಸನ ಕಡೆ ಸತ್ತಿಹಳ್ಳಿಯಲ್ಲಿ ಕೃಷಿ ಮಾಡೋ ಕ್ರೈಸ್ತರ ನೆಲೆ ಕಟ್ಟಿದರು. 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದರು. ಅದೇ ವರ್ಷ ಅಚ್ಚಾದ ಪತ್ರಗಳಲ್ಲಿ, ಹಿಂದೂಗಳನ್ನ ನಿಜವಾಗಿ ಕ್ರೈಸ್ತರನ್ನಾಗಿ ಮಾಡೋದು ಆಗದ ಕೆಲಸ ಅಂತ ಖಂಡತುಂಡವಾಗಿ ಬರೆದು, ಪ್ರೊಟೆಸ್ಟೆಂಟ್ ಮಿಷನರಿಗಳಿಂದ ಚೆನ್ನಾಗಿ ಬೈಸಿಕೊಂಡರು. ಅದನ್ನ ಒಪ್ಪಲೇಬೇಕು ಅಂತಿಲ್ಲ. ಆದರೆ ಇಲ್ಲಿ ಅಷ್ಟು ವರ್ಷ ಬಾಳಿದವರ ಮಾತು.

ಮೈಸೂರಿನ ಮಿಷನ್ ಆಸ್ಪತ್ರೆ 1906ರದು, ವೆಸ್ಲಿಯನ್ ಮಿಷನ್ನಿನವರದು. ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿಯವರು. ಅವರನ್ನ ಯಾರೂ ಮತಾಂತರ ಮಾಡಿರಲಿಲ್ಲ, ಗೊತ್ತಲ್ಲ.

ಬನ್ನಿಮಂಟಪ_ಬೀದಿ
ಮನೆ ಪ್ರಾರ್ಥನಾಕೂಟದ ಬಗ್ಗೆ ಯಾರಾದರೂ ಹೇಳಿ. ಬಾಡಿಗೆ ಮನೆ, ಮೊದಲನೇ ಮಹಡಿ. ಓನರ್ ಒಳ್ಳೆಯವರೇ, ಆದರೂ ಮುಖ ಸಣ್ಣದಾಗುತ್ತೆ.

ಲಷ್ಕರ್_ಮೊಹಲ್ಲಾ
ಮುಖ ಸಣ್ಣದಾಗೋದು ನಿಮ್ಮ ದೇವರಿಂದಲ್ಲ, ಚಪ್ಪಲಿಯಿಂದ. ಹದಿನೈದು ಜನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೆ ಕೆಳಗಿನ ಮನೆ ಅಜ್ಜಿ ಕತ್ತಲಲ್ಲಿ ಹೇಗೆ ಹತ್ತಿಳೀಬೇಕು? ಬಾಗಿಲೊಳಗೆ ಒಂದು ಹಳೇ ಗೋಣಿತಾಟು ಹಾಸಿ, ಅಲ್ಲಿ ಬಿಡಿಸಿ. ಬೈಕುಗಳನ್ನ ಎದುರು ಮನೆ ರಂಗೋಲಿ ಮೇಲೆ ನಿಲ್ಲಿಸೋದು ಎರಡನೇದು. ಸಂಜೆ ಹೊತ್ತು ರಂಗೋಲಿ ಇರುತ್ತಾ ಅನ್ನಬೇಡಿ, ಧನುರ್ಮಾಸದಲ್ಲಿ ಬಿಡಿಸಿದ್ದು ಇಡೀ ದಿನ ಇರುತ್ತೆ. ಮೂಲೆ ಅಂಗಡಿ ಹತ್ತಿರ ನಿಲ್ಲಿಸಿ ನಡೆದು ಬನ್ನಿ.

ಮೈಕ್, ಡ್ರಮ್ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6 ಧ್ವನಿವರ್ಧಕ ನಿಷಿದ್ಧ ಅನ್ನೋದು ಎಲ್ಲರಿಗೂ ಗೊತ್ತು. ವಸತಿ ಪ್ರದೇಶದಲ್ಲಿ ಹಗಲಲ್ಲೂ ಮಿತಿ 55 ಡೆಸಿಬೆಲ್, ರಾತ್ರಿ 45. ಇಬ್ಬರು ಮಾಮೂಲಿ ದನಿಯಲ್ಲಿ ಮಾತಾಡಿದರೇ ಹತ್ತಿರ ಹತ್ತಿರ 60. ಹದಿನೈದು ಜನ ಚಪ್ಪಾಳೆ ತಟ್ಟಿ ಹಾಡಿದರೆ ಲೆಕ್ಕ ಹಾಕಿ. ಎಂಟೂವರೆಗೆ ಮುಗಿಸಿ. ಓನರಿಗೆ ವಾರ, ಗಂಟೆ, ಬರೋರ ಸಂಖ್ಯೆ ಮೊದಲೇ ಹೇಳಿ. ಪ್ರತಿ ವಾರ ಬೇರೆ ಬೇರೆ ಮನೇಲಿ ಸುತ್ತಿಸಿದರೆ ಒಬ್ಬರ ಮೇಲೇ ಭಾರ ಬೀಳಲ್ಲ. ಊರಿನ ಹಬ್ಬದ ದಿನವೇ ಕೂಟ ಇಡೋ ಚಟ ಕೆಲವರಿಗಿದೆ, ಅದನ್ನ ಬಿಡಿ.

ಚಿಕ್ಕದೇವ_ನಾಲೆ
ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಿಗ್ಗೆ ವಾಕ್ಯದ ಚಿತ್ರ ಹಾಕೋದು ಸರಿನಾ? ಬೇರೆಯವರು ದೇವರ ಫೋಟೋ ಹಾಕ್ತಾರಲ್ಲ.

ಒಗ್ಗರಣೆ_ಡಬ್ಬಿ
ನೀರಿನ ಟ್ಯಾಂಕರ್ ಎಷ್ಟು ಗಂಟೆಗೆ ಅಂತ ನೋಡೋ ಗ್ರೂಪದು. ಯಾರ ದೇವರೂ ಬೇಡ.

ಕುಕ್ಕರಹಳ್ಳಿ_ದಂಡೆ
ಓದೋಕೆ ಏನು ಕೊಡೋದು ಅಂತ ಇನ್ನೂ ಬಂದಿಲ್ಲ. ಮತ್ತೆ "ಎಲ್ಲಾ ದೇವರೂ ಒಂದೇ ಅಲ್ವಾ ಸಾರ್" ಅಂದಾಗ?

ಹಳೇ_ಉಪದೇಶಿ
ದಪ್ಪ ಬೈಬಲ್ ಕೊಡಬೇಡಿ. ಆದಿಕಾಂಡದಿಂದ ಶುರು ಮಾಡ್ತಾರೆ, ಯಾಜಕಕಾಂಡಕ್ಕೆ ಬರೋ ಹೊತ್ತಿಗೆ ಕಪಾಟು ಸೇರುತ್ತೆ. ಮಾರ್ಕನ ಶುಭಸಂದೇಶ ಒಂದೇ ಬಿಡಿ ಪುಸ್ತಕ ಕೊಡಿ, 16 ಅಧ್ಯಾಯ, ಯೇಸುವಿನ ಬದುಕು ಹೇಳೋ ನಾಲ್ಕು ಶುಭಸಂದೇಶಗಳಲ್ಲಿ ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತೆ. ಕಥೆ ಇಷ್ಟಪಡೋರಿಗೆ ಲೂಕ, ಅದರಲ್ಲೂ 10ರ ಸಮಾರ್ಯದವನ ಕಥೆ, 15ರ ಕಳೆದುಹೋದ ಮಗನ ಕಥೆ. ಆಸ್ತಿ ಪಾಲಿಗೆ ಜಗಳವಾಡಿದ ಮನೆ ಮಂಡ್ಯ ಜಿಲ್ಲೇಲಿ ಹುಡುಕೋದು ಬೇಕಾಗಲ್ಲ, 15ನೇ ಅಧ್ಯಾಯ ತಾನಾಗೇ ಓದಿಸಿಕೊಳ್ಳುತ್ತೆ. ಸರಳಗನ್ನಡದ ಅನುವಾದ ಕೊಡಿ, ಹಳೇದು ನಿಮ್ಮ ಕಿವಿಗೆ ಇಂಪು, ಅವರಿಗೆ ಕಬ್ಬಿಣದ ಕಡಲೆ. ಓದು ಬಾರದವರಿಗೆ ಫೋನಲ್ಲಿ ಕೇಳೋ ಬೈಬಲ್ ಇದೆ. ಕೊಟ್ಟ ಮೇಲೆ "ಓದಿದ್ರಾ?" ಅಂತ ವಾರ ವಾರ ವಿಚಾರಿಸಬೇಡಿ.

ಎಲ್ಲಾ ಒಂದೇ ಅನ್ನೋರ ಹತ್ತಿರ ವಾದ ಬೇಡ. ಅವರು ಜಗಳ ಬೇಡ ಅಂತ ದೊಡ್ಡ ಮನಸ್ಸಿಂದ ಹೇಳಿರ್ತಾರೆ. ಹಾಗಂತ ನಂಬದೇ ಇದ್ದರೂ ಹೌದು ಹೌದು ಅನ್ನೋದೂ ಬೇಡ. "ನನಗೆ ದೇವರು ಎಂಥವನು ಅಂತ ತಿಳಿದದ್ದು ಯೇಸುವಿನ ಮೂಲಕ, ಅದನ್ನ ಬಿಟ್ಟು ಹೇಳೋಕೆ ನನಗೆ ಬರಲ್ಲ" ಅನ್ನಿ. ಒಪ್ಪದಿದ್ದರೂ ಪ್ರಾಮಾಣಿಕ ಉತ್ತರ ಅಂತ ಗೊತ್ತಾಗುತ್ತೆ.

2011ರಲ್ಲಿ ವ್ಯಾಟಿಕನ್ನು, ವಿಶ್ವ ಸಭೆಗಳ ಒಕ್ಕೂಟ, ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಬಹುಧರ್ಮಗಳ ನಡುವೆ ಸಾಕ್ಷಿ ಹೇಗಿರಬೇಕು ಅಂತ ಒಂದು ದಾಖಲೆ ತಂದವು. ಬಡತನವನ್ನ ಬಳಸಿಕೊಳ್ಳೋದು, ಆಮಿಷ, ಬೇರೆ ಧರ್ಮದ ಬಗ್ಗೆ ಸುಳ್ಳು, ಎಲ್ಲವನ್ನೂ ತಳ್ಳಿಹಾಕಿದ್ದಾರೆ. @ಹೊಸಜೀವ_92 ಕಡೆಯವರೂ ಅದರಲ್ಲಿದ್ದಾರೆ.

ಹೊಸಜೀವ_92
ಓದ್ತೀನಿ. ಒಪ್ತೀನಿ ಅಂತ ಹೇಳ್ತಿಲ್ಲ. ಈಗ ಇದಕ್ಕೆ ಉತ್ತರ ಕೊಡಿ: ಈ ಡಿಸೆಂಬರ್ ನಮ್ಮ ಯುವಜನ ಕ್ಯಾರಲ್ಸ್, ಅಂದರೆ ಮನೆ ಮನೆಗೆ ಕ್ರಿಸ್ಮಸ್ ಹಾಡು ಹಾಡೋಕೆ ಹೊರಡ್ತಾರೆ. ಬೇರೆಯವರ ಮನೆಗೂ ಹೋಗಬಹುದಾ?

ಲಷ್ಕರ್_ಮೊಹಲ್ಲಾ
ಹಿಂದಿನ ದಿನವೇ ಕೇಳಿ, ಬನ್ನಿ ಅಂದ ಮನೆಗೆ ಮಾತ್ರ ಹೋಗಿ. ಎರಡೇ ಹಾಡು, ಅದರಲ್ಲಿ ಒಂದು ಕನ್ನಡದ್ದು. ಕಾಣಿಕೆ ಡಬ್ಬಿ ಆ ಮನೆಯೊಳಗೆ ತರಬೇಡಿ. ಸಾಂತಾ ವೇಷದವನು ಮಕ್ಕಳಿಗೆ ಚಾಕಲೇಟ್ ಕೊಡೋ ಮುಂಚೆ ಅಪ್ಪ ಅಮ್ಮನ ಮುಖ ನೋಡಲಿ. ಪರೀಕ್ಷೆಗೆ ಓದ್ತಿರೋ ಮಕ್ಕಳ ಮನೆ ಮುಂದೆ ಡ್ರಮ್ ಬೇಡ.

ಗಾಣದ_ಎತ್ತು_ಮಂಡ್ಯ
ನಮ್ ಬೀದಿಗೆ ಬಂದ್ರೆ ಒಂಬತ್ತರೊಳ್ಗೆ ಬನ್ನಿ ಕನ್ರಪ್ಪ. ಆಮ್ಯಾಕೆ ನಾಯಿ ಬುಟ್ಟಿರ್ತೀವಿ.